ಕಲ್ಲೋಳಿಯ ಮೂಕ ಪಂಚಮ

ಭಜನಿ ಬಸಪ್ಪನವರ ಹಾರ್ಮೋನಿಯಂ ರಿಪೇರಿಗಂತ ಗೋಕಾಕದಿಂದ ಚಕ್ಕಡಿ ಹತ್ತಿ ಕಲ್ಲೋಳಿಗೆ ಹೋಗಿದ್ದೆ. ಹರಿದ ಗಾಳಿಚೀಲ ಸರಿಮಾಡಿ ಬಾರಿಸಿ ನೋಡಿದರ ಪಂಚಮ ಸ್ವರ ಒಂದು ಮೂಕ. ಬಿಚ್ಚಾಕ ಹೋದೆ. ಬಸಪ್ಪನವರು ಗಪ್ಪನ ಕೈ ಹಿಡದ್ರು.

“ಅದನ್ನ ಮುಟ್ಟಬ್ಯಾಡ್ರಿ.”

“ಯಾಕ್ರಿ? ಅರ್ಧ ತಾಸಿನ ಕೆಲಸ.”

“ಬಾಜೂ ಮನಿ ಮಲ್ಲಪ್ಪನ ಎಮ್ಮಿ ನನ್ನ ಜ್ವಾಳದ ಕಣಕಿ ಮೇದಿದ್ದಕ್ಕ ಜಗಳ ಆತು. ಮಾತು ಬಿಟ್ಟು ಎರಡು ವರ್ಷ. ಆದ್ರ ನಾ ಬಾರಿಸುವಾಗ ಈ ಸ್ವರ ತಪ್ಪಿದ್ರ, ಗ್ವಾಡಿ ಆಚಿಂದ ತಾನಽ ಹಾಡಿ ತುಂಬತಾನ.”

ಸಾಮಾನು ಕಟ್ಟಿಕೊಂಡು ಹೊರಗ ಬಂದೆ. ಬಾಜೂ ಕಟ್ಟಿ ಮ್ಯಾಲ ಕುಂತ ಮಲ್ಲಪ್ಪನವರು ಸಣ್ಣ ದನಿಲೆ ಕೇಳಿದ್ರು: “ಪಂಚಮ ಸರಿ ಮಾಡಿದ್ರೇನು?”

“ಇಲ್ಲರಿ.”

“ಚಲೋ ಆತು. ಬರ್ರಿ, ಚಾ ಕುಡದು ಹೋಗ್ರಿ.”

ಕೆಲಸ ಮಾಡಲಿಲ್ಲಂತ ನನಗ ಚಾ ಕುಡಿಸಿದವರು ಅವರೊಬ್ಬರಽ.