ದೂರು ಪೆಟ್ಟಿಗೆಯ ಬಾಯಿಗೆ ಟೇಪು

ಲೈಂಗಿಕ ದೌರ್ಜನ್ಯವಾದರೆ ಏನು ಮಾಡಬೇಕೆಂದು ಹೇಳಲು ಹನೂರು ಕಡೆಯ ಕಾಲೇಜೊಂದಕ್ಕೆ ಹೋಗಿದ್ದೆ. ಪ್ರಿನ್ಸಿಪಾಲರು ಮೊದಲು ದೂರು ಪೆಟ್ಟಿಗೆ ತೋರಿಸಿದರು. ಮೈತುಂಬ ಆಯುಧಪೂಜೆಯ ಕುಂಕುಮ, ಬಾಯಿಗೆ ಟೇಪು.

"ಹಲ್ಲಿ ನುಗ್ತವೆ ಮೇಡಂ. ನೋಡಿ, ಮೂರು ವರ್ಷದಿಂದ ಒಂದು ದೂರೂ ಬಂದಿಲ್ಲ!"

ನಾನು ಹುಡುಗಿಯರಿಗೆ ಹೇಳಿದೆ: "ತೊಟ್ಟ ಬಟ್ಟೆ ಒಗೀಬೇಡಿ. ಸೀದಾ ಆಸ್ಪತ್ರೆಗೆ ಹೋಗಿ. ಪೊಲೀಸ್ ಕಂಪ್ಲೇಂಟ್ ಇಲ್ಲದಿದ್ದರೂ ಡಾಕ್ಟರು ನಿಮ್ಮನ್ನ ನೋಡಲೇಬೇಕು, ಅದೂ ಪುಕ್ಕಟೆ. ದಿನ ಕಳೆದಿದ್ದರೂ ಹೋಗಿ."

ಮುಗಿದ ಮೇಲೆ ಹಿಂದಿನ ಬೆಂಚಿನವಳೊಬ್ಬಳು ಹತ್ತಿರ ಬಂದು ಪಿಸುಗುಟ್ಟಿದಳು. "ಮೇಡಂ, ನಾನು ಒಗ್ದಿಲ್ಲ. ಅದ್ನ ತಕಂಡು ಎಲ್ಗೋಗ್ಲಿ?"

ಅವಳ ಜೊತೆ ಕೊಳ್ಳೇಗಾಲದ ಆಸ್ಪತ್ರೆಗೆ ಹೊರಟೆ. ಪ್ರಿನ್ಸಿಪಾಲರು ಗೇಟಿನವರೆಗೂ ಓಡಿಬಂದು ವಿಸಿಟರ್ಸ್ ಬುಕ್ ಚಾಚಿದರು. "ನಮ್ ವ್ಯವಸ್ಥೆ ಬಗ್ಗೆ ಒಂದು ಲೈನ್ ಬರ್ಕೊಡಿ ಮೇಡಂ."

ಬರೆದುಕೊಟ್ಟೆ: "ಈ ಕಾಲೇಜಿನಲ್ಲಿ ಪೆಟ್ಟಿಗೆ ಬಹಳ ಸುರಕ್ಷಿತವಾಗಿದೆ."