ಓಟಿನ ಚೀಟಿಯ ಮೇಲೆ ಬರೆದ ಹೆಸರು

ಅಟ್ಟ ಗುಡಿಸುವಾಗ ಮರದ ಚೌಕಟ್ಟಿನ ಹಳೆಯ ಸ್ಲೇಟೊಂದು ಸಿಕ್ಕಿತು. ಹಿತ್ತಲಿನ ತೊಂಡೆಬಳ್ಳಿಯಿಂದ ಎರಡು ಎಲೆ ಕಿತ್ತು ಉಜ್ಜಿದೆ. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರುಮನೆಯ ಮೆಂಬರು ನೆನಪಾದರು...

ನಾನು ಅಟ್ಟೂರಿಗೆ ಸೊಸೆಯಾಗಿ ಬಂದ ಹೊಸತು. ಅವರು ಅಸೆಂಬ್ಲಿಗೆ ಆರಿಸಿ ಬಂದವರು. ಊರಿಗೆಲ್ಲ ಬರೀ ಮೆಂಬರು. ರಸ್ತೆ, ಸೇತುವೆ ಅಂತ ಹೇಳಿಕೊಳ್ಳುವಂಥದ್ದೇನೂ ಅವರಿಂದ ಆಗಿರಲಿಲ್ಲ, ಸುಳ್ಳೇಕೆ. ಆದರೆ ಹೆಂಗಸರು ಹೆಬ್ಬೆಟ್ಟು ಒತ್ತುವುದನ್ನು ಕಂಡರೆ ಅವರಿಗೆ ಸಂಕಟ. ನಾನು ಎಸ್ಸೆಸ್ಸೆಲ್ಸಿ ಓದಿದವಳೆಂದು ನಮ್ಮ ಮಾವನವರನ್ನು ಒಪ್ಪಿಸಿ, ಮಧ್ಯಾಹ್ನದ ಹೊತ್ತು ತಮ್ಮ ಜಗಲಿಯಲ್ಲಿ ಅಕ್ಷರ ಕಲಿಸಲು ಕೂರಿಸಿದರು. ಸ್ಲೇಟಿನಲ್ಲಿ ತನ್ನ ಹೆಸರು ತಪ್ಪಿಲ್ಲದೆ ಬರೆದವಳಿಗೆ ಅವರೇ ಕಾಗದದ ಮೇಲೆ ಬರೆಯುವ ಒಂದು ಸೀಸದ ಪೆನ್ಸಿಲ್ ಕೊಡುತ್ತಿದ್ದರು.

ಅರವತ್ತೆರಡರ ಚುನಾವಣೆ ಬಂತು. ಅದುವರೆಗೆ ಅಭ್ಯರ್ಥಿಗೊಂದು ಪೆಟ್ಟಿಗೆ. ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿದರೆ ಮುಗಿಯಿತು. ಈ ಸಲ ಒಂದೇ ಚೀಟಿಯಲ್ಲಿ ಎಲ್ಲರ ಗುರುತು, ಬೇಕಾದ ಗುರುತಿಗೆ ಮುದ್ರೆ ಒತ್ತಬೇಕು. ಅದನ್ನು ಹೆಂಗಸರಿಗೆ ಕಲಿಸು ಎಂದ ಮೆಂಬರು, ಚೀಟಿಯ ಮೇಲೆ ಬೇರೇನೂ ಬರೆಯಕೂಡದು, ಬರೆದರೆ ಓಟು ಕೆಡುತ್ತದೆ ಎಂದೂ ಎರಡೆರಡು ಸಲ ಹೇಳಿದ್ದರು. ಮುದ್ರೆ ಒತ್ತುವುದನ್ನು ಕಲಿಸಿದೆ. ಓಟಿಗೆ ಹೋಗುವಾಗ ಪೆನ್ಸಿಲ್ ಯಾರು ಒಯ್ಯುತ್ತಾರೆ ಎಂದುಕೊಂಡು, ಬೇರೇನೂ ಬರೆಯಕೂಡದೆಂಬ ಮಾತನ್ನು ಹೇಳದೇ ಬಿಟ್ಟೆ. ಅತಿ ಬುದ್ಧಿವಂತಿಕೆ ನನ್ನದು.

ಓಟಿನ ದಿನ, ನನ್ನ ಬಳಿ ಕಲಿಯುತ್ತಿದ್ದವರಲ್ಲಿ ಎಲ್ಲರಿಗಿಂತ ಹಿರಿಯ ಅಜ್ಜಿ ಬೂತಿನಿಂದ ನೇರ ನಮ್ಮ ಮನೆಗೆ ಬಂದು, ಸೊಂಟದಿಂದ ಪೆನ್ಸಿಲ್ ತೆಗೆದು ತೋರಿಸಿದರು.

"ಮುದ್ರೆ ಒತ್ತಿ, ಪಕ್ಕದಾಗೆ ನನ್ನೆಸ್ರೂ ಬರ್ದೆ ಕಣವ್ವ. ಯಾರು ಆಕಿದ್ದು ಅಂತ ಮೆಂಬ್ರಿಗೆ ತಿಳೀಬ್ಯಾಡ್ವಾ? ನಾವೆಲ್ಲ ಅಂಗೇ ಮಾಡಿದ್ವಿ."

ಜಗಲಿಗೆ ಬರುತ್ತಿದ್ದವರನ್ನು ಬೆರಳು ಮಡಿಚಿ ಎಣಿಸಿದೆ.

ಮೆಂಬರು ಸೋತರು. ಕೆಟ್ಟ ಆ ಓಟುಗಳು ಸೇರಿದ್ದರೆ ಗೆಲ್ಲುತ್ತಿದ್ದರು. ಅಂತರ ಅಷ್ಟೇ ಇತ್ತು. ಎಣಿಕೆ ಮುಗಿಸಿ ಬಂದವರು ನಮ್ಮ ಬಾಗಿಲಲ್ಲಿ ನಿಂತರು. ಬೈಯುತ್ತಾರೆಂದೇ ತಲೆ ತಗ್ಗಿಸಿದೆ.

"ಕೆಟ್ಟ ಚೀಟಿಗಳನ್ನ ನೋಡ್ದೆ ಕಣಮ್ಮ. ಒಬ್ಬರದ್ದೂ ತಪ್ಪಿಲ್ಲ, ದುಂಡಗೆ ಬರ್ದಿದ್ದಾರೆ," ಎಂದರು. ಹೊರಡುತ್ತ ತಿರುಗಿ, "ಇದರಿಂದ ಸೋತೆ ಅಂತ ಅವರಿಗೆ ಹೇಳ್ಬೇಡ. ಬರೆಯೋದೇ ಬಿಟ್ಬಿಡ್ತಾರೆ."

ನಾನು ಹೇಳಿದ್ದೆ, ಹೆಂಗಸರು ಮರೆತರು ಎಂದೇ ಅವರು ತಿಳಿದಿದ್ದರು. ಆಗಲೇ ಬಾಯಿ ಬಿಡಬೇಕಿತ್ತು... ಬಿಡಲಿಲ್ಲ. ಅವರು ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಕೆಲವು ವರ್ಷಗಳಲ್ಲಿ ತೀರಿಕೊಂಡರು.

ಸ್ಲೇಟನ್ನು ಬಿಸಿಲಿಗಿಟ್ಟು ಕೂತಿದ್ದೇನೆ. ಅವರ ಜಗಲಿ ಇದ್ದ ಜಾಗದಲ್ಲಿ ಈಗ ನಾಲ್ಕು ಮಹಡಿ ಎದ್ದಿದೆ. ಹೆಂಗಸರಿಗೆ ಹೇಳಬೇಡ ಎಂದಿದ್ದರು, ಹೇಳಲಿಲ್ಲ. ಅವರಿಗೆ ಹೇಳಬೇಕಿತ್ತು, ಅದನ್ನೂ ಹೇಳಲಿಲ್ಲ.