ಎರಡೂ ಒಂದಾಗಲಿ

ನಿಜಾಮರ ಕಾಲದಲ್ಲಿ ಮೋಮಿನಪುರದ ನಮ್ಮ ಗಲ್ಲಿಯಲ್ಲಿ ಫೋಟೋ ಸಾಹೇಬರಿದ್ದರು. ಅವರ ಪುಟ್ಟ ಕ್ಯಾಮೆರಾದ ಕಿಂಡಿಯಲ್ಲಿ ಪ್ರತಿ ಮುಖವೂ ಎರಡಾಗಿ ಕಾಣುತ್ತಿತ್ತು. ಲೆನ್ಸಿನ ಉಂಗುರ ತಿರುವಿದಂತೆ ಎರಡೂ ಸರಿದು ಒಂದಾಗುತ್ತಿದ್ದವು. ಆ ಕ್ಷಣಕ್ಕೆ ಸಾಹೇಬರು ಮಿಠಾಯಿ ತಿಂದವರಂತೆ ತುಟಿ ಸವರಿಕೊಳ್ಳುತ್ತಿದ್ದರು. "ಜರಾ ಅಲಗ್ಯಾಡಬ್ಯಾಡ್ರಿ, ಎರಡೂ ಒಂದಾಗ್ಲಿ" ಎನ್ನುವುದು ಎಲ್ಲರಿಗೂ ಅವರು ಹೇಳುವ ಮಾತು.

ಒಮ್ಮೆ ಅವರ ಜೊತೆ ಕಮಲಾಪುರದ ಒಂದು ಸಾವಿನ ಮನೆಗೆ ಹೋಗಿದ್ದೆ. ಲಿಂಗಾಯತರ ಪದ್ಧತಿಯಂತೆ, ತೀರಿಕೊಂಡ ಯಜಮಾನರಿಗೆ ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂರಿಸಿದ್ದರು. ತಲೆ ವಾಲದಂತೆ ಹೆಂಡತಿ ಹಿಡಿದುಕೊಂಡಿದ್ದಳು. ಸಾಹೇಬರು ಉಂಗುರ ತಿರುವುತ್ತ ರೂಢಿಯಂತೆ ಅಂದುಬಿಟ್ಟರು: "ಯಜಮಾನ್ರೇ, ಜರಾ ಅಲಗ್ಯಾಡಬ್ಯಾಡ್ರಿ."

ಸುತ್ತ ಕೂತಿದ್ದವರ ಅಳು ನಿಂತಿತು.

"ಅವ್ರು ಅಲಗ್ಯಾಡಲ್ರಿ," ಎಂದಳು ಹೆಂಡತಿ. "ನನ್ನ ಕೈನೇ ನಡಗ್ಲಾಕತ್ತಾವ. ಜರಾ ತಡೀರಿ."

ಎರಡೂ ಒಂದಾದ ಮೇಲೂ ಸಾಹೇಬರು ಬಹಳ ಹೊತ್ತು ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ.